ಗೋಲಿನ ಹಿಂದಿನ 11 ಅಡಿ: ಡೇನಿಯಲ್ ಸೆಡೀನ್ ಆಟವನ್ನು ಅರ್ಥ ಮಾಡಿಕೊಳ್ಳುವುದು ಹೇಗೆ?

ನಾವು ನೋಡಿ ಬೆಳೆದ ಮೈದಾನದ ಹಾಕಿಯಲ್ಲಿ ಚೆಂಡು ಕೊನೆಯ ಗೆರೆ ದಾಟಿದರೆ ಆಟ ನಿಲ್ಲುತ್ತದೆ. ಐಸ್ ಹಾಕಿಯಲ್ಲಿ ನಿಲ್ಲುವುದಿಲ್ಲ. ಅಲ್ಲಿ ಗೋಲ್ ಪೆಟ್ಟಿಗೆಯ ಹಿಂದೆಯೂ ಮಂಜುಗಡ್ಡೆಯ ನೆಲ ಇರುತ್ತದೆ. ಅಲ್ಲೂ ಓಡಾಡಬಹುದು, ಅಲ್ಲಿಂದಲೂ ಪಾಸ್ ಕೊಡಬಹುದು. ಉತ್ತರ ಅಮೆರಿಕದ ಎನ್‌ಎಚ್‌ಎಲ್ ಲೀಗಿನ ರಿಂಕುಗಳಲ್ಲಿ (ಮಂಜುಗಡ್ಡೆಯ ಅಂಕಣಗಳಲ್ಲಿ) ಗೋಲ್ ಗೆರೆಯಿಂದ ಹಿಂದಿನ ಗೋಡೆಯವರೆಗೆ 11 ಅಡಿ ಜಾಗ. ಆ ಗೋಡೆಗೆ ಬಡಿದ ಪಕ್ (ಚೆಂಡಿನ ಬದಲು ಬಳಸುವ ರಬ್ಬರ್ ಬಿಲ್ಲೆ), ಕೇರಂ ಬೋರ್ಡಿನ ಅಂಚಿಗೆ ಬಡಿದ ಕಾಯಿಯ ಹಾಗೆ ವಾಪಸ್ ಬರುತ್ತದೆ. ಯಾವ ಕೋನದಲ್ಲಿ ಬರುತ್ತದೆ ಅನ್ನುವುದು ಗೊತ್ತಿದ್ದವನಿಗೆ ಗೋಡೆಯೇ ಇನ್ನೊಬ್ಬ ಜೊತೆಗಾರ.

ಸ್ವೀಡನ್ನಿನ ಡೇನಿಯಲ್ ಸೆಡೀನ್ ತಮ್ಮ ಆಟದ ಬಹುಪಾಲನ್ನು ಈ ಗೋಡೆಯ ಹತ್ತಿರ, ಈ ಮೂಲೆಗಳಲ್ಲಿ ಕಟ್ಟಿದರು. ಅವರು ಎಡಬದಿಯ ವಿಂಗರ್. ಕೆನಡಾದ ವ್ಯಾಂಕೂವರ್ ಕನಕ್ಸ್ ತಂಡ ಬಿಟ್ಟು ಎನ್‌ಎಚ್‌ಎಲ್‌ನ ಬೇರೆ ಯಾವ ತಂಡಕ್ಕೂ ಅವರು ಆಡಲಿಲ್ಲ. 17 ಸೀಸನ್, 1,306 ಪಂದ್ಯ, 393 ಗೋಲು. ಲೀಗಿನಲ್ಲಿ ಅವರಿಗಿಂತ ವೇಗವಾಗಿ ಸ್ಕೇಟ್ ಮಾಡುವವರು ಬಹಳ ಜನ ಇದ್ದರು. ಗುದ್ದಿ ಬೀಳಿಸುವ ಆಟ ಅವರದ್ದಲ್ಲ. ಎದ್ದು ಕಾಣುವ ಹೊಡೆತವೂ ಇರಲಿಲ್ಲ. ಹಾಗಾದರೆ ಇಷ್ಟು ಗೋಲು ಎಲ್ಲಿಂದ ಬಂತು? ಈ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದರೆ ಐಸ್ ಹಾಕಿ ಅನ್ನುವ ಆಟವೇ ಅರ್ಥವಾಗುತ್ತದೆ. ಅದಕ್ಕೇ ಈ ಬರಹ.

ಮೊದಲು ವಿಂಗರ್ ಅಂದರೆ ಯಾರು ಅಂತ ನೋಡೋಣ. ಒಂದು ತಂಡದಿಂದ ಒಂದು ಹೊತ್ತಿಗೆ 6 ಜನ ರಿಂಕಿನಲ್ಲಿ ಇರುತ್ತಾರೆ. ಒಬ್ಬ ಗೋಲ್‌ಕೀಪರ್, ಇಬ್ಬರು ಡಿಫೆಂಡರ್, ಮುಂದೆ ಮೂವರು. ಆ ಮೂವರಲ್ಲಿ ನಡುವಿನವನು ಸೆಂಟರ್, ಎಡಕ್ಕೂ ಬಲಕ್ಕೂ ಇರುವವರು ವಿಂಗರ್‌ಗಳು. ಮೂವರನ್ನೂ ಸೇರಿಸಿ ಲೈನ್ ಅನ್ನುತ್ತಾರೆ. ಐಸ್ ಮೇಲೆ ಪೂರ್ತಿ ಬಲ ಹಾಕಿ ಆಡಿದರೆ 45 ಸೆಕೆಂಡಿನಲ್ಲಿ ಉಸಿರು ಕಟ್ಟುತ್ತದೆ. ಆಗ ಆಟ ನಿಲ್ಲಿಸದೆಯೇ ಆ ಲೈನ್ ಬೆಂಚಿಗೆ ಹೋಗಿ, ಇನ್ನೊಂದು ಲೈನ್ ಗೋಡೆ ಹಾರಿ ಒಳಗೆ ಬರುತ್ತದೆ. ಒಟ್ಟಿಗೆ ಬಂದು ಒಟ್ಟಿಗೆ ಹೋಗುವ ಈ ಮೂವರ ನಡುವೆ ಮಾತಿಲ್ಲದೆ ಅರ್ಥವಾಗುವ ಹೊಂದಾಣಿಕೆ ಬೇಕು. ಸಾಮಾನ್ಯವಾಗಿ ಸೆಂಟರ್ ಆಟ ಕಟ್ಟುತ್ತಾನೆ. ವಿಂಗರ್ ತನ್ನ ಬದಿಯ ಗೋಡೆಯ ಹತ್ತಿರ ಪಕ್ ಗೆದ್ದುಕೊಳ್ಳಬೇಕು, ಕೊನೆಗೆ ಸರಿಯಾದ ಜಾಗದಲ್ಲಿ ನಿಂತು ಗೋಲು ಹೊಡೆಯಬೇಕು.

ಡೇನಿಯಲ್ ಅವರ ಸೆಂಟರ್ ಅವರ ಅವಳಿ ಅಣ್ಣ ಹೆನ್ರಿಕ್. ಬರೀ 6 ನಿಮಿಷಕ್ಕೆ ಅಣ್ಣ. ಇಬ್ಬರೂ ಹುಟ್ಟಿದ್ದು 1980ರ ಸೆಪ್ಟೆಂಬರ್ 26ರಂದು, ಸ್ವೀಡನ್ನಿನ ಉತ್ತರ ಭಾಗದ ಕಡಲ ತೀರದಲ್ಲಿರುವ ಓರ್ನ್‌ಶೋಲ್ಡ್ಸ್‌ವೀಕ್ ಎಂಬ ಚಿಕ್ಕ ಊರಲ್ಲಿ. ಈ ಊರಿನ ಕ್ಲಬ್ಬಿನ ಹೆಸರು ಮೋಡೋ. ಪೀಟರ್ ಫೋರ್ಸ್‌ಬರ್ಗ್, ಮಾರ್ಕುಸ್ ನೇಸ್ಲುಂಡ್, ವಿಕ್ಟರ್ ಹೆಡ್ಮನ್ ಕೂಡ ಇದೇ ಊರಿನವರು. ಅಷ್ಟು ಸಣ್ಣ ಊರಿಂದ ಇಷ್ಟು ದೊಡ್ಡ ಆಟಗಾರರು ಬಂದದ್ದು ನನಗೆ ಇಂದಿಗೂ ಬೆರಗಿನ ವಿಷಯ.

ಅವಳಿಗಳು ಅಂದ ಮೇಲೆ ತೊಟ್ಟಿಲಿಂದಲೇ ಒಟ್ಟಿಗೆ ಆಡಿರುತ್ತಾರೆ ಅಂತ ಅನ್ನಿಸುತ್ತದೆ ಅಲ್ವಾ? ಹಾಗಲ್ಲ. ಚಿಕ್ಕವರಿದ್ದಾಗ ಇಬ್ಬರೂ ಸೆಂಟರ್ ಆಗಿದ್ದರು. ಒಂದು ಲೈನಿಗೆ ಸೆಂಟರ್ ಒಬ್ಬನೇ. ಹಾಗಾಗಿ ಒಂದೇ ತಂಡದಲ್ಲಿದ್ದರೂ ಬೇರೆ ಬೇರೆ ಲೈನಿನಲ್ಲಿ ಆಡುತ್ತಿದ್ದರು. 14ನೇ ವಯಸ್ಸಿನಲ್ಲಿ ಡೇನಿಯಲ್ ಅವರನ್ನು ನಡುವಿನಿಂದ ಬದಿಗೆ ಸರಿಸಿ, ವಿಂಗರ್ ಮಾಡಿದ ಮೇಲಷ್ಟೇ ಇಬ್ಬರೂ ಖಾಯಂ ಆಗಿ ಒಂದೇ ಲೈನಿಗೆ ಬಂದರು. ಇದು ಸಣ್ಣ ಸಂಗತಿಯಲ್ಲ. ಡೇನಿಯಲ್ ಅವರೊಳಗೆ ಒಬ್ಬ ಸೆಂಟರ್ ಮೊದಲೇ ಇದ್ದ. ಪಾಸ್ ಕೊಡುವವನ ಕಣ್ಣಿಗೆ ರಿಂಕ್ ಹೇಗೆ ಕಾಣುತ್ತದೆ ಅನ್ನುವುದು ಅವರಿಗೆ ಗೊತ್ತಿತ್ತು. ಆದ್ದರಿಂದಲೇ ಅಣ್ಣ ಎಲ್ಲಿಗೆ ಪಾಸ್ ಕಳಿಸುತ್ತಾನೆ ಅನ್ನುವುದನ್ನು ಮುಂಚೆಯೇ ಊಹಿಸಿ ಅಲ್ಲಿಗೆ ಹೋಗಿ ನಿಲ್ಲುತ್ತಿದ್ದರು. ಇದನ್ನು ಅವಳಿಗಳ ಮಾಯೆ ಅಂತ ಕರೆದವರು ಬಹಳ. ನನಗೆ ಮಾಯೆಗಿಂತ ಈ ಹಿನ್ನೆಲೆಯೇ ಹೆಚ್ಚು ಸರಿ ಅನ್ನಿಸುತ್ತದೆ.

1997-98ರಲ್ಲಿ, ಇನ್ನೂ ಹದಿಹರೆಯದಲ್ಲೇ, ಇಬ್ಬರೂ ಮೋಡೋ ಪರವಾಗಿ ಸ್ವೀಡನ್ನಿನ ಮೇಲ್ದರ್ಜೆಯ ಲೀಗಿಗೆ ಬಂದರು. 1999ರಲ್ಲಿ ಆ ದೇಶದ ಅತ್ಯುತ್ತಮ ಆಟಗಾರನಿಗೆ ಕೊಡುವ ಚಿನ್ನದ ಪಕ್ ಪ್ರಶಸ್ತಿಯನ್ನು ಇಬ್ಬರಿಗೂ ಸೇರಿಸಿ ಕೊಟ್ಟರು. ಆಗ ಅವರಿಗೆ ಇನ್ನೂ 19 ತುಂಬಿರಲಿಲ್ಲ.

ಅದೇ ವರ್ಷ ಎನ್‌ಎಚ್‌ಎಲ್ ಡ್ರಾಫ್ಟ್. ಇಲ್ಲಿ ಸ್ವಲ್ಪ ನಿಲ್ಲಬೇಕು. ಡ್ರಾಫ್ಟ್ ಅಂದರೆ ಹರಾಜಲ್ಲ, ಸರದಿ. ಹೊಸ ಆಟಗಾರರನ್ನು ತಂಡಗಳು ಒಂದರ ನಂತರ ಒಂದರಂತೆ ಆರಿಸಿಕೊಳ್ಳುತ್ತವೆ. ಹಿಂದಿನ ಸೀಸನ್ನಿನಲ್ಲಿ ಸೋತು ಸುಣ್ಣವಾದ ತಂಡಗಳಿಗೆ ಮೊದಮೊದಲ ಸರದಿ. ಯಾವ ಊರಿನ ತಂಡಕ್ಕೆ ಹೋಗಬೇಕು ಅನ್ನುವುದನ್ನು ಆಟಗಾರ ತೀರ್ಮಾನಿಸುವಂತಿಲ್ಲ. ಹಾಗಾದರೆ ಸೆಡೀನ್ ಅವಳಿಗಳು ಒಂದೇ ತಂಡಕ್ಕೆ ಬರಬೇಕೆಂದರೆ ಏನಾಗಬೇಕು? ಇಬ್ಬರೂ ಪಟ್ಟಿಯ ತುದಿಯಲ್ಲೇ ಇದ್ದರು. ಒಬ್ಬನನ್ನು ಆರಿಸಿ ಮತ್ತೆ ತನ್ನ ಸರದಿ ಬರುವಷ್ಟರಲ್ಲಿ ಇನ್ನೊಬ್ಬನನ್ನು ಬೇರೆಯವರು ಎತ್ತಿಕೊಂಡಿರುತ್ತಾರೆ. ಅಂದರೆ ಬೆನ್ನು ಬೆನ್ನಿಗೆ 2 ಸರದಿ ಒಂದೇ ತಂಡದ ಕೈಯಲ್ಲಿರಬೇಕು.

ವ್ಯಾಂಕೂವರ್ ತಂಡದ ಜನರಲ್ ಮ್ಯಾನೇಜರ್ ಬ್ರಯಾನ್ ಬರ್ಕ್ ಹತ್ತಿರ ಇದ್ದದ್ದು 3ನೇ ಸರದಿ ಮಾತ್ರ. ಈ ಲೀಗಿನಲ್ಲಿ ಸರದಿಯನ್ನೂ ಸರಕಿನ ಹಾಗೆ ಕೊಡು-ಕೊಳ್ಳು ಮಾಡಬಹುದು. ಬರ್ಕ್ ಅದನ್ನೇ ಮಾಡಿದರು. ಬ್ರಯಾನ್ ಮೆಕೇಬ್ ಎಂಬ ಡಿಫೆಂಡರ್ ಜೊತೆಗೆ ಮುಂದಿನ ಡ್ರಾಫ್ಟ್‌ನ ಒಂದು ಮೊದಲ ಸುತ್ತಿನ ಆಯ್ಕೆಯನ್ನು ಷಿಕಾಗೋಗೆ ಕೊಟ್ಟು 4ನೇ ಸರದಿ ಪಡೆದರು. 4ನೆಯದನ್ನೂ ಇನ್ನೊಂದಷ್ಟನ್ನೂ ಟ್ಯಾಂಪಾ ಬೇ ತಂಡಕ್ಕೆ ಕೊಟ್ಟು ಮೊದಲನೇ ಸರದಿ ಪಡೆದರು. ಈಗ 1 ಮತ್ತು 3 ಕೈಯಲ್ಲಿದೆ, ನಡುವಿನ 2 ಅಟ್ಲಾಂಟಾ ಹತ್ತಿರ ಇದೆ. ಅಟ್ಲಾಂಟಾ ನಡುವೆ ಕೈ ಹಾಕಿದರೆ ಎಲ್ಲ ವ್ಯರ್ಥ. ಆದ್ದರಿಂದ ತಮ್ಮ ಮೊದಲನೇ ಸರದಿಯನ್ನು ಅಟ್ಲಾಂಟಾಗೆ ಬಿಟ್ಟುಕೊಟ್ಟು 2ನೆಯದನ್ನು ತೆಗೆದುಕೊಂಡರು. ನೀವು ಸೆಡೀನ್‌ಗಳನ್ನು ಮುಟ್ಟಬಾರದು ಅನ್ನುವುದು ಷರತ್ತು. ಅಟ್ಲಾಂಟಾ ಪಾಟ್ರಿಕ್ ಸ್ಟೆಫಾನ್ ಅವರನ್ನು ಆರಿಸಿತು. ವ್ಯಾಂಕೂವರ್ 2ನೆಯದರಲ್ಲಿ ಡೇನಿಯಲ್ ಅವರನ್ನು, 3ನೆಯದರಲ್ಲಿ ಹೆನ್ರಿಕ್ ಅವರನ್ನು ಕರೆಯಿತು. ಮುಂದೆ ಡೇನಿಯಲ್ ಬೆನ್ನಿನ ಮೇಲೆ 22, ಹೆನ್ರಿಕ್ ಬೆನ್ನಿನ ಮೇಲೆ 33. ಮೊದಲ ಸರದಿ ಕೈಗೆ ಬಂದ ಮೇಲೂ ಅದನ್ನು ಬಿಟ್ಟುಕೊಡಲು ಗಟ್ಟಿ ಗುಂಡಿಗೆ ಬೇಕು. ಬರ್ಕ್ ಇಬ್ಬರು ಆಟಗಾರರನ್ನು ಕೊಳ್ಳುತ್ತಿರಲಿಲ್ಲ, ಅವರ ನಡುವಿನ ಹೊಂದಾಣಿಕೆಯನ್ನು ಕೊಳ್ಳುತ್ತಿದ್ದರು.

ಇನ್ನೂ ಒಂದು ವರ್ಷ ಮೋಡೋದಲ್ಲಿ ಆಡಿ 2000ದಲ್ಲಿ ಅವಳಿಗಳು ವ್ಯಾಂಕೂವರ್‌ಗೆ ಬಂದರು. ಡೇನಿಯಲ್ ಮೊದಲ ಸೀಸನ್ನಿನಲ್ಲಿ 20 ಗೋಲು ಹೊಡೆದರು. ಆಮೇಲೆ ಮೇಲೇರಲಿಲ್ಲ. ಮೊದಲ 3 ಸೀಸನ್ನುಗಳ ಪಾಯಿಂಟ್ (ಗೋಲು ಮತ್ತು ಗೋಲಿಗೆ ನೆರವಾದ ಪಾಸ್‌ಗಳ ಮೊತ್ತ): 34, 32, 31. ಇಷ್ಟೆಲ್ಲ ಸರ್ಕಸ್ ಮಾಡಿ ತಂದದ್ದು ಇವರನ್ನೇ ಅಂತ ಜನ ಕೇಳತೊಡಗಿದರು. ಮೈಗೆ ಮೈ ತಾಗಿಸಿ ಜಗಳ ಆಡದ ಇವರನ್ನು 'ಸೆಡೀನ್ ಸಹೋದರಿಯರು' ಅಂತ ಆಡಿಕೊಂಡವರೂ ಇದ್ದರು. ಹೆಂಗಸರ ಹೆಸರಿಟ್ಟು ಹೀಯಾಳಿಸುವುದು ಯಾವ ಆಟಕ್ಕೂ ಶೋಭೆಯಲ್ಲ. ಅವಳಿಗಳು ಅದಕ್ಕೆ ಉತ್ತರ ಕೊಡಲು ಹೋಗದೆ, ಬೇಸಿಗೆಯಲ್ಲಿ ಸ್ವೀಡನ್ನಿಗೆ ಹೋಗಿ ಮೈ ಗಟ್ಟಿ ಮಾಡಿಕೊಂಡು ಬರುತ್ತಿದ್ದರು.

ಅವರು ಸುಮ್ನೆ ಹಿಂದುಳಿದಿರಲಿಲ್ಲ. ಆ ಕಾಲದ ಆಟವೇ ಅಂಥದ್ದು. 2004ಕ್ಕೆ ಮುಂಚೆ ಎನ್‌ಎಚ್‌ಎಲ್‌ನಲ್ಲಿ ಡಿಫೆಂಡರ್‌ಗಳು ಎದುರಾಳಿಯ ಸೊಂಟಕ್ಕೆ ಸ್ಟಿಕ್ ಕೊಕ್ಕೆ ಹಾಕಿ ಎಳೆಯುತ್ತಿದ್ದರು, ತೋಳು ಹಿಡಿದು ನಿಲ್ಲಿಸುತ್ತಿದ್ದರು. ನಿಯಮದಲ್ಲಿ ಅದು ತಪ್ಪೇ. ಆದರೆ ರೆಫರಿಗಳು ಎಷ್ಟೋ ಸಲ ನೋಡಿಯೂ ಬಿಟ್ಟುಬಿಡುತ್ತಿದ್ದರು. ಪಾಸ್ ಕೊಟ್ಟು ಖಾಲಿ ಜಾಗಕ್ಕೆ ಸರಿಯುವ ಆಟಗಾರನನ್ನು ಹೀಗೆ ಹಿಡಿದುಬಿಟ್ಟರೆ ಅವನ ಬುದ್ಧಿಗೆ ಬೆಲೆಯೇ ಇಲ್ಲ.

2004-05ರಲ್ಲಿ ಮಾಲೀಕರಿಗೂ ಆಟಗಾರರ ಸಂಘಕ್ಕೂ ಸಂಬಳದ ವಿಷಯದಲ್ಲಿ ಒಪ್ಪಂದ ಮುರಿದು ಇಡೀ ಸೀಸನ್ ರದ್ದಾಯಿತು. ಸೆಡೀನ್‌ಗಳು ಆ ವರ್ಷ ಊರಿಗೆ ಮರಳಿ ಮೋಡೋಗೆ ಆಡಿದರು. ಲೀಗ್ ಮತ್ತೆ ಶುರುವಾದಾಗ ಎರಡು ಬದಲಾವಣೆ ಬಂದಿತ್ತು. ಒಂದು, ಪ್ರತಿ ತಂಡದ ಒಟ್ಟು ಸಂಬಳಕ್ಕೆ ಮಿತಿ. ಎರಡು, ಕೊಕ್ಕೆ ಹಾಕಿದರೆ, ಹಿಡಿದರೆ ಕಡ್ಡಾಯವಾಗಿ ದಂಡನೆ. ತಪ್ಪು ಮಾಡಿದವನು 2 ನಿಮಿಷ ಹೊರಗೆ ಕೂರಬೇಕು. ಅಷ್ಟು ಹೊತ್ತು ಎದುರಾಳಿಗೆ ಒಬ್ಬ ಆಟಗಾರ ಜಾಸ್ತಿ. ಇದನ್ನೇ ಪವರ್ ಪ್ಲೇ ಅನ್ನುವುದು. ಜೊತೆಗೆ ಎರಡೂ ಕಡೆಯ ದಾಳಿಯ ವಲಯವನ್ನು ಸ್ವಲ್ಪ ಉದ್ದ ಮಾಡಿದರು. ಡೇನಿಯಲ್ ಅವರ ಪಾಯಿಂಟ್ ಆ ಸೀಸನ್ನಿನಲ್ಲಿ 71ಕ್ಕೆ, ಮರುವರ್ಷ 84ಕ್ಕೆ ಏರಿತು. ಅವರು ಬದಲಾಗಿದ್ದು ಸ್ವಲ್ಪ. ಆಟ ಅವರ ಕಡೆಗೆ ಬಂದದ್ದು ಬಹಳ.

ಈಗ ಆ ಮೂಲೆಗೆ ಬರೋಣ. ಸೆಡೀನ್‌ಗಳ ಆಟದ ಜೀವಾಳ ಸೈಕ್ಲಿಂಗ್ ಅನ್ನುವ ತಂತ್ರ. ಹೆಸರು ಕೇಳಿ ಗಾಬರಿ ಬೇಡ, ಅದು ಸುತ್ತುವುದು ಅಷ್ಟೇ. ಎದುರಾಳಿಯ ಮೂಲೆಯಲ್ಲಿ ಡೇನಿಯಲ್ ಗೋಡೆಗೆ ಮುಖ ಮಾಡಿ ಪಕ್ ಹಿಡಿದಿದ್ದಾರೆ ಅಂದುಕೊಳ್ಳಿ. ಬೆನ್ನ ಮೇಲೆ ಒಬ್ಬ ಡಿಫೆಂಡರ್ ಒತ್ತಿ ನಿಂತಿದ್ದಾನೆ. ಡೇನಿಯಲ್ ಪಕ್ ಹಿಡಿದುಕೊಂಡೇ ಗೋಡೆಯ ಗುಂಟ ಮೂಲೆಯಿಂದ ಆಚೆಗೆ ಹೊರಡುತ್ತಾರೆ. ಡಿಫೆಂಡರ್ ಹಿಂಬಾಲಿಸುತ್ತಾನೆ. ಎರಡು ಹೆಜ್ಜೆ ಹೋದ ಮೇಲೆ ಡೇನಿಯಲ್ ಪಕ್ ಅನ್ನು ಹಿಂದಕ್ಕೆ, ತಾವು ಬಿಟ್ಟು ಬಂದ ಮೂಲೆಗೇ ತಳ್ಳಿಬಿಡುತ್ತಾರೆ. ಅಲ್ಲಿ ಯಾರೂ ಇಲ್ಲ. ಆದರೆ ಅದು ಗೋಡೆಗೆ ತಾಗಿ ನಿಧಾನ ಆಗುವಷ್ಟರಲ್ಲಿ ಹೆನ್ರಿಕ್ ಅಲ್ಲಿಗೆ ಇಳಿದಿರುತ್ತಾರೆ. ಈಗ ಡಿಫೆಂಡರ್ ಏನು ಮಾಡಬೇಕು? ಪಕ್ ಹಿಂದೆ ಹೋದರೆ ಡೇನಿಯಲ್ ಒಂಟಿಯಾಗಿ ಗೋಲಿನ ಮುಂದಕ್ಕೆ ಜಾರುತ್ತಾರೆ. ಡೇನಿಯಲ್ ಜೊತೆಗೇ ಉಳಿದರೆ ಹೆನ್ರಿಕ್‌ಗೆ ತಲೆ ಎತ್ತಿ ನೋಡಲು ಸಮಯ ಸಿಗುತ್ತದೆ. ಅವನು ಯಾವುದನ್ನು ಆರಿಸಿದರೂ ಅರ್ಧ ಸೆಕೆಂಡ್ ತಡ. ಅದೇ ಆಟ ಮತ್ತೆ, ಮತ್ತೆ. ಹತ್ತು ಸೆಕೆಂಡ್, ಇಪ್ಪತ್ತು ಸೆಕೆಂಡ್. ಎದುರಾಳಿಗಳ ಉಸಿರು ಮುಗಿಯುತ್ತಾ ಬರುತ್ತದೆ. ಪಕ್ ಅವರ ಗೋಲಿನ ಹತ್ತಿರವೇ ಇರುವಾಗ ಬೆಂಚಿಗೆ ಓಡುವಂತೆಯೂ ಇಲ್ಲ.

ಇಲ್ಲಿ ವೇಗ ಬೇಕಾಗಿಲ್ಲ ಅನ್ನುವುದನ್ನು ಗಮನಿಸಿ. ರಿಂಕ್ 200 ಅಡಿ ಉದ್ದ, 85 ಅಡಿ ಅಗಲ. ಆ ಉದ್ದದಲ್ಲಿ ಓಡುವ ಪಂದ್ಯವಾದರೆ ಡೇನಿಯಲ್ ಸೋಲುತ್ತಿದ್ದರು. ಆದರೆ ಮೂಲೆಯ ಸಣ್ಣ ವೃತ್ತದಲ್ಲಿ ಬೇಕಾದದ್ದು ತಿರುಗುವ ಸಾಮರ್ಥ್ಯ, ಸೊಂಟದ ಬಲ, ಮತ್ತು ಜೊತೆಗಾರ ಎಲ್ಲಿದ್ದಾನೆ ಎಂಬ ಅರಿವು. ಮೊದಲಿನ ಎರಡನ್ನು ಅವರು ಬೇಸಿಗೆಗಳಲ್ಲಿ ದುಡಿದು ಗಳಿಸಿದರು. ಮೂರನೆಯದು ಮನೆಯಿಂದಲೇ ಬಂದಿತ್ತು.

ಗೋಲಿನ ಹಿಂದಿನ ಜಾಗ ಇನ್ನೊಂದು ಉಪಕಾರ ಮಾಡುತ್ತದೆ. ಹೆನ್ರಿಕ್ ಪಕ್ ಹಿಡಿದು ಗೋಲಿನ ಹಿಂದೆ ಹೋದರೆ ಗೋಲ್‌ಕೀಪರ್ ಕತ್ತು ತಿರುಗಿಸಿ ಹಿಂದೆ ನೋಡಲೇಬೇಕು. ಡಿಫೆಂಡರ್‌ಗಳ ಕಣ್ಣೂ ಅಲ್ಲಿಗೇ ಹೋಗುತ್ತದೆ. ಎಲ್ಲರೂ ಹಿಂದೆ ನೋಡುತ್ತಿರುವ ಆ ಕ್ಷಣದಲ್ಲಿ ಡಿಫೆಂಡರ್‌ಗಳ ಬೆನ್ನ ಹಿಂದಿನಿಂದ ಡೇನಿಯಲ್ ಗೋಲಿನ ಎದುರಿಗೆ ಬಂದು ನಿಂತಿರುತ್ತಾರೆ. ಪಾಸ್ ಬರುತ್ತದೆ, ಒಂದೇ ತಾಗು, ಪಕ್ ಬಲೆಯೊಳಗೆ. ನಿಧಾನಗತಿಯಲ್ಲಿ ನೋಡಿದರೆ ಗೊತ್ತಾಗುತ್ತದೆ: ಎಷ್ಟೋ ಸಲ ಹೆನ್ರಿಕ್ ತಮ್ಮನ ಕಡೆ ನೋಡಿಯೇ ಇರುವುದಿಲ್ಲ. ತಮ್ಮ ಎಲ್ಲಿರಬೇಕೋ ಅಲ್ಲಿಗೆ ಕಳಿಸಿರುತ್ತಾರೆ.

ಅವರ ಇನ್ನೊಂದು ಅಸ್ತ್ರ, ಹೊಡೆತದ ವೇಷದ ಪಾಸ್. ದೂರದಿಂದ ಜೋರಾಗಿ ಗೋಲಿನತ್ತ ಬಾರಿಸಿದ ಹಾಗೆ ಕಾಣುತ್ತದೆ. ಗೋಲ್‌ಕೀಪರ್ ತಡೆಯಲು ಸಿದ್ಧನಾಗುತ್ತಾನೆ. ಆದರೆ ಪಕ್ ಬರುವುದು ಗೋಲಿನ ಪಕ್ಕ ಇಟ್ಟ ಡೇನಿಯಲ್ ಸ್ಟಿಕ್ಕಿಗೆ. ಅಲ್ಲಿಂದ ದಿಕ್ಕು ಬದಲಿಸಿ ಒಳಗೆ. ಇದು ನಡೆಯಬೇಕಾದರೆ ಸ್ಟಿಕ್ಕಿನ ಅಲಗು ಬೆರಳಷ್ಟೂ ಆಚೀಚೆ ಆಗುವಂತಿಲ್ಲ.

ಲೈನಿನ ಮೂರನೆಯವರು ಕಾಲಕಾಲಕ್ಕೆ ಬದಲಾದರು. 2005-06ರಲ್ಲಿ ಆನ್ಸನ್ ಕಾರ್ಟರ್ ಇವರ ಜೊತೆ ಆಡಿ 33 ಗೋಲು ಹೊಡೆದರು. 2009ರಿಂದ ಅಲೆಕ್ಸ್ ಬರೋಸ್ ಹೆಚ್ಚು ಕಾಲ ಜೊತೆಗಿದ್ದರು. ಬರೋಸ್ ಡ್ರಾಫ್ಟ್‌ನಲ್ಲಿ ಯಾರೂ ಆರಿಸದೆ ಉಳಿದವರು, ಕೆಳಗಿನ ಲೀಗುಗಳಿಂದ ಹತ್ತಿ ಬಂದವರು. ಅವಳಿಗಳ ನಡುವೆ ತಾನು ಎಲ್ಲಿ ಅಡ್ಡ ಬರಬಾರದು ಅನ್ನುವುದನ್ನು ಅವರು ಚೆನ್ನಾಗಿ ಕಲಿತಿದ್ದರು.

ಪಾಯಿಂಟ್ ಲೆಕ್ಕ ಹೇಗೆ ಅನ್ನುವುದನ್ನೂ ಹೇಳಬೇಕು. ಗೋಲು ಹೊಡೆದವನಿಗೆ 1 ಪಾಯಿಂಟ್. ಅದಕ್ಕೆ ಮುಂಚೆ ಪಕ್ ಮುಟ್ಟಿ ಪಾಸ್ ಕೊಟ್ಟ ಹೆಚ್ಚೆಂದರೆ ಇಬ್ಬರಿಗೆ ಅಸಿಸ್ಟ್ ಸಿಗುತ್ತದೆ. ಅವರಿಗೂ ತಲಾ 1. ಪಾಸ್ ಕೊಟ್ಟವನಿಗೂ ಹೊಡೆದವನಿಗೂ ಒಂದೇ ಬೆಲೆ. ಹೀಗಾಗಿ ಅಣ್ಣತಮ್ಮಂದಿರ ಲೆಕ್ಕ ಜೋಡಿ ಎತ್ತಿನ ಹಾಗೆ ಜೊತೆಜೊತೆಗೇ ಸಾಗಿತು. 2008-09ರಲ್ಲಿ ಇಬ್ಬರೂ 82 ಪಂದ್ಯ ಆಡಿ ಇಬ್ಬರೂ 82 ಪಾಯಿಂಟ್ ಗಳಿಸಿದರು. ಡೇನಿಯಲ್ ಗೋಲಿನಲ್ಲಿ ಮುಂದೆ, ಹೆನ್ರಿಕ್ ಅಸಿಸ್ಟಿನಲ್ಲಿ ಮುಂದೆ.

2009ರ ಬೇಸಿಗೆಯಲ್ಲಿ ಇಬ್ಬರ ಒಪ್ಪಂದವೂ ಮುಗಿಯುವುದರಲ್ಲಿತ್ತು. ಸಂಬಳದ ಮಿತಿ ಇರುವ ಲೀಗಿನಲ್ಲಿ ಒಂದೇ ತಂಡ ಇಬ್ಬರು ದೊಡ್ಡ ಆಟಗಾರರಿಗೆ ಒಟ್ಟಿಗೆ ಹಣ ಹೊಂದಿಸುವುದು ಕಷ್ಟ. ವ್ಯಾಂಕೂವರ್ ಜನರಲ್ ಮ್ಯಾನೇಜರ್ ಮೈಕ್ ಗಿಲ್ಲಿಸ್ ಸ್ವೀಡನ್ನಿಗೇ ಹಾರಿದರು. ಜುಲೈ 1ರಂದು ಇಬ್ಬರೂ ಸಹಿ ಹಾಕಿದರು. ತಲಾ 5 ವರ್ಷ, ತಲಾ 3.05 ಕೋಟಿ ಡಾಲರ್. ಒಂದು ಡಾಲರ್ ಹೆಚ್ಚಿಲ್ಲ, ಕಡಿಮೆಯಿಲ್ಲ.

ಮುಂದಿನ ಸೀಸನ್ ಶುರುವಾಗುತ್ತಿದ್ದಂತೆ ಡೇನಿಯಲ್ ಪಾದದ ಮೂಳೆ ಮುರಿಯಿತು. ಅವರಿಲ್ಲದ ವಾರಗಳಲ್ಲಿ ಹೆನ್ರಿಕ್ ಏನು ಮಾಡಬಲ್ಲರು ಅನ್ನುವ ಪ್ರಶ್ನೆ ಎದ್ದಿತು. ಯಾವಾಗಲೂ ಪಾಸ್ ಹುಡುಕುತ್ತಿದ್ದ ಅಣ್ಣ ತಾನೇ ಗೋಲಿಗೆ ಹೊಡೆಯಲು ಶುರು ಮಾಡಿದರು. ಡೇನಿಯಲ್ ವಾಪಸ್ ಬಂದ ಮೇಲೆ ಲೈನ್ ಮೊದಲಿಗಿಂತ ಹರಿತವಾಯಿತು. 2010ರ ಏಪ್ರಿಲ್ 10, ಸೀಸನ್ನಿನ ಕೊನೆಯ ಪಂದ್ಯ, ಎದುರಿಗೆ ಕ್ಯಾಲ್ಗರಿ. ಡೇನಿಯಲ್ 3 ಗೋಲು ಹೊಡೆದರು. ಒಂದು ಗೋಲಂತೂ ಸ್ಟಿಕ್ ಅನ್ನು ತಮ್ಮ ಎರಡು ಕಾಲುಗಳ ನಡುವಿನಿಂದ ತಂದು ಹೊಡೆದದ್ದು. ಹೆನ್ರಿಕ್‌ಗೆ ಆ ದಿನ 4 ಅಸಿಸ್ಟ್. ಒಟ್ಟು 112 ಪಾಯಿಂಟ್‌ನೊಂದಿಗೆ ಅವರು ಲೀಗಿನ ಅಗ್ರ ಸ್ಕೋರರ್ ಆದರು. ಡೇನಿಯಲ್ 63 ಪಂದ್ಯಗಳಲ್ಲೇ 85 ಗಳಿಸಿದ್ದರು.

ಮರುವರ್ಷ ತಮ್ಮನ ಸರದಿ. 2010-11ರಲ್ಲಿ ಡೇನಿಯಲ್ 41 ಗೋಲು, 63 ಅಸಿಸ್ಟ್, ಒಟ್ಟು 104 ಪಾಯಿಂಟ್ ಗಳಿಸಿ, ಅಗ್ರ ಸ್ಕೋರರ್‌ಗೆ ಕೊಡುವ ಆರ್ಟ್ ರಾಸ್ ಟ್ರೋಫಿಯನ್ನು ಅಣ್ಣನ ಹಾಗೆಯೇ ಪಡೆದರು. ಅಣ್ಣತಮ್ಮಂದಿರು ಬೆನ್ನು ಬೆನ್ನಿಗೆ ಈ ಟ್ರೋಫಿ ಗೆದ್ದದ್ದು ಅದೇ ಮೊದಲು. ಸಹ ಆಟಗಾರರು ಮತ ಹಾಕಿ ಕೊಡುವ ಟೆಡ್ ಲಿಂಡ್ಸೆ ಪ್ರಶಸ್ತಿಯೂ ಅವರಿಗೇ ಬಂತು. ನನ್ನ ಮಟ್ಟಿಗೆ ಈ ಎರಡನೆಯದೇ ದೊಡ್ಡದು. ಅವರನ್ನು ತಡೆಯಲು ರಾತ್ರಿ ರಾತ್ರಿ ಪಾಡು ಪಟ್ಟವರೇ ಮೆಚ್ಚಿ ಕೊಟ್ಟದ್ದಲ್ವಾ?

ಆ ವರ್ಷ ವ್ಯಾಂಕೂವರ್ ಸ್ಟ್ಯಾನ್ಲಿ ಕಪ್ (ಎನ್‌ಎಚ್‌ಎಲ್ ಚಾಂಪಿಯನ್ ತಂಡಕ್ಕೆ ಕೊಡುವ ಕಪ್) ಫೈನಲ್ ತಲುಪಿತು. ಫೈನಲ್ ಅಂದರೆ ಒಂದೇ ಪಂದ್ಯವಲ್ಲ, ಮೊದಲು 4 ಗೆದ್ದವರಿಗೆ ಕಪ್. ಬೋಸ್ಟನ್ ಜೊತೆ 3-3 ಆಗಿ, 7ನೇ ಪಂದ್ಯ ತಮ್ಮದೇ ಊರಿನಲ್ಲಿ ಜೂನ್ 15ರಂದು ನಡೆದು, ವ್ಯಾಂಕೂವರ್ ಸೋತಿತು. ಪ್ಲೇಆಫ್‌ನಲ್ಲಿ ರೆಫರಿಗಳು ಸಣ್ಣ ತಪ್ಪುಗಳಿಗೆ ಸೀಟಿ ಊದುವುದು ಕಡಿಮೆ. ಹಳೆಯ ಕಾಲದ ಹಿಡಿದಾಟ ಸ್ವಲ್ಪ ಮರಳಿ ಬರುತ್ತದೆ. ಬೋಸ್ಟನ್ ಮೈಬಲದ ತಂಡ, ಅದರ ಗೋಲ್‌ಕೀಪರ್ ಟಿಮ್ ಥಾಮಸ್ ಅಮೋಘ ಲಯದಲ್ಲಿದ್ದರು. ಮೂಲೆಯ ಆಟಕ್ಕೆ ಉಸಿರಾಡಲು ಜಾಗ ಸಿಗಲಿಲ್ಲ. ಆ ಕಪ್ ಅವರಿಗೆ ಕೊನೆಗೂ ಸಿಗಲೇ ಇಲ್ಲ. ಅದಕ್ಕಾಗಿ ಅವರನ್ನು ಕಡಿಮೆ ಎಣಿಸುವವರ ಮಾತು ನನಗೆ ಒಪ್ಪಿಗೆಯಿಲ್ಲ.

2012ರ ಮಾರ್ಚ್‌ನಲ್ಲಿ ಷಿಕಾಗೋದ ಡಂಕನ್ ಕೀತ್ ಅವರ ಮೊಣಕೈ ಡೇನಿಯಲ್ ತಲೆಗೆ ಬಡಿಯಿತು. ಕೀತ್‌ಗೆ 5 ಪಂದ್ಯಗಳ ನಿಷೇಧ. ಮಿದುಳಿಗೆ ಪೆಟ್ಟಾಗಿ ಡೇನಿಯಲ್ ಆ ಸೀಸನ್ನಿನ ಉಳಿದ ಲೀಗ್ ಪಂದ್ಯಗಳನ್ನೂ ಪ್ಲೇಆಫ್‌ನ ಮೊದಲ 3 ಪಂದ್ಯಗಳನ್ನೂ ಕಳೆದುಕೊಂಡರು. ಆ ಮೇಲೆ 100 ಪಾಯಿಂಟ್‌ನ ಹತ್ತಿರ ಅವರು ಮತ್ತೆ ಬರಲಿಲ್ಲ. ವಯಸ್ಸೂ ಮೂವತ್ತು ದಾಟಿತ್ತು.

ದೇಶದ ಪರ ಆಡಿದಾಗ ಅದೃಷ್ಟ ಹೆಚ್ಚು ಒಲಿಯಿತು. 2006ರ ಟ್ಯೂರಿನ್ ಒಲಿಂಪಿಕ್ಸ್ ಫೈನಲ್‌ನಲ್ಲಿ ಸ್ವೀಡನ್ ಫಿನ್ಲೆಂಡನ್ನು 3-2ರಿಂದ ಸೋಲಿಸಿ ಚಿನ್ನ ಗೆದ್ದಾಗ ಇಬ್ಬರೂ ತಂಡದಲ್ಲಿದ್ದರು. 2013ರ ವಿಶ್ವ ಚಾಂಪಿಯನ್‌ಶಿಪ್ ಸ್ಟಾಕ್‌ಹೋಮ್‌ನಲ್ಲಿ ನಡೆಯುತ್ತಿತ್ತು. ವ್ಯಾಂಕೂವರ್ ಪ್ಲೇಆಫ್‌ನಿಂದ ಹೊರಬಿದ್ದ ಕೂಡಲೇ ಅವಳಿಗಳು ವಿಮಾನ ಹತ್ತಿ ಟೂರ್ನಿಯ ನಡುವೆ ಬಂದು ಸೇರಿದರು. ಸ್ವೀಡನ್ ಗೆದ್ದಿತು. ಆತಿಥೇಯ ದೇಶ ಆ ಪ್ರಶಸ್ತಿ ಗೆದ್ದದ್ದು 1986ರ ನಂತರ ಅದೇ ಮೊದಲು.

ರಿಂಕಿನ ಹೊರಗೂ ಅವರು ವ್ಯಾಂಕೂವರ್‌ನವರೇ ಆಗಿಹೋದರು. 2010ರಲ್ಲಿ ಅಲ್ಲಿನ ಮಕ್ಕಳ ಆಸ್ಪತ್ರೆಗೆ ಇಬ್ಬರೂ ಸೇರಿ 15 ಲಕ್ಷ ಡಾಲರ್ ಕೊಟ್ಟರು. 2016ರಲ್ಲಿ ಡೇನಿಯಲ್ ತಮ್ಮೂರಿನವರೇ ಆದ ನೇಸ್ಲುಂಡ್ ಅವರ 346 ಗೋಲುಗಳ ದಾಖಲೆ ದಾಟಿ ಕನಕ್ಸ್ ಪರ ಅತಿ ಹೆಚ್ಚು ಗೋಲು ಹೊಡೆದವರಾದರು. 2017ರ ನವೆಂಬರ್ 30ರಂದು 1,000ನೇ ಪಾಯಿಂಟ್. ನಿವೃತ್ತಿಯ ಹೊತ್ತಿಗೆ ಡೇನಿಯಲ್ 1,041, ಹೆನ್ರಿಕ್ 1,070. 2020ರಲ್ಲಿ 22 ಮತ್ತು 33ನೇ ನಂಬರ್ ಅಂಗಿಗಳನ್ನು ವ್ಯಾಂಕೂವರ್ ರಿಂಕಿನ ಚಾವಣಿಗೆ ಏರಿಸಿದರು. ಇನ್ನು ಮುಂದೆ ಆ ತಂಡದಲ್ಲಿ ಆ ನಂಬರ್ ಬೇರೆ ಯಾರಿಗೂ ಇಲ್ಲ. 2022ರಲ್ಲಿ ಇಬ್ಬರೂ ಹಾಕಿ ದಿಗ್ಗಜರಿಗೆ ಸಲ್ಲುವ ಹಾಲ್ ಆಫ್ ಫೇಮ್ ಗೌರವಕ್ಕೆ ಸೇರಿದರು.

ಇಷ್ಟೆಲ್ಲ ಓದಿದ ಮೇಲೆ ನೀವು ಒಂದೇ ಒಂದು ವಿಡಿಯೋ ನೋಡುವುದಾದರೆ 2018ರ ಏಪ್ರಿಲ್ 5ರದ್ದನ್ನು ನೋಡಿ. ವ್ಯಾಂಕೂವರ್‌ನಲ್ಲಿ ಅವರ ಕೊನೆಯ ಪಂದ್ಯ, ಎದುರಿಗೆ ಅರಿಜೋನಾ. 3-3 ಆಗಿ ಓವರ್‌ಟೈಮ್‌ಗೆ ಹೋಯಿತು. ಓವರ್‌ಟೈಮ್‌ನಲ್ಲಿ ಆಟಗಾರರ ಸಂಖ್ಯೆ ಕಡಿಮೆ ಮಾಡುತ್ತಾರೆ, ಹಾಗಾಗಿ ಜಾಗ ಜಾಸ್ತಿ. ವ್ಯಾಂಕೂವರ್‌ಗೆ ಪವರ್ ಪ್ಲೇ ಕೂಡ ಸಿಕ್ಕಿತು. ಅಸಿಸ್ಟ್ ಹೆನ್ರಿಕ್‌ರದ್ದು, ಗೋಲು ಡೇನಿಯಲ್‌ರದ್ದು. ವಿಡಿಯೋದಲ್ಲಿ ಪಕ್ ಹಿಂದೆ ಕಣ್ಣು ಓಡಿಸಬೇಡಿ. ಪಕ್ ಇನ್ನೂ ಬೇರೆಯವರ ಹತ್ತಿರ ಇರುವಾಗಲೇ 22ನೇ ನಂಬರಿನವರು ಎಲ್ಲಿಗೆ ಸರಿಯುತ್ತಿದ್ದಾರೆ ಅನ್ನುವುದನ್ನು ನೋಡಿ.